ಹೊರಬಂದ ಔಷಧ ಎಲ್ಲಿಗೆ ತಲುಪಿತು?

ಫಾರ್ಮಸಿ, ಬಯೋಮೆಡಿಕಲ್ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,



ನಿಮ್ಮಲ್ಲಿ ಕೆಲವರು ಈ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದೀರಿ. ಕೆಲವರು ಆಗಲೇ ಥೀಸಿಸ್ ಬರೆಯಲು ಕೂತಿದ್ದೀರಿ. ಇನ್ನು ಕೆಲವರು ಇಂಟರ್ನ್‌ಗಳಾಗಿ ವಾರ್ಡಿನಿಂದ ವಾರ್ಡಿಗೆ ಓಡಾಡುತ್ತಿದ್ದೀರಿ. ಎಲ್ಲರಿಗೂ ಸೇರಿಸಿ ಬರೆದ ಪತ್ರವಿದು. ದೇಹದೊಳಗೆ ಇಟ್ಟುಬಿಡುವ ಸಾಧನ, ಅಂದರೆ ಇಂಪ್ಲಾಂಟ್, ಸೂಸುವ ಔಷಧ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ಇದರ ವಿಷಯ. ಎಷ್ಟು ಔಷಧ ಹೊರಬಂತು ಎಂದು ಅಳೆಯುವುದನ್ನು ನಿಮಗೆ ಚೆನ್ನಾಗಿಯೇ ಕಲಿಸಿದ್ದಾರೆ. ಅದು ಎಲ್ಲಿಗೆ ತಲುಪಿತು ಎಂದು ಕಣ್ಣಾರೆ ನೋಡುವ ಕೆಲಸವನ್ನೂ ನೀವು ಕೈಗೆತ್ತಿಕೊಳ್ಳಬೇಕು ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ.

ಕೆಲ ಕಾಲದ ಹಿಂದೆ ನಾನು ಒಂದು ಫಾರ್ಮಸಿ ಕಾಲೇಜಿನ ಪೋಸ್ಟರ್ ಪ್ರದರ್ಶನಕ್ಕೆ ಹೋಗಿದ್ದೆ. ಒಬ್ಬ ಎಂ.ಫಾರ್ಮ ವಿದ್ಯಾರ್ಥಿನಿ ವಸಡಿನ ಸಂದಿಯಲ್ಲಿ ಇಡುವ ಔಷಧದ ತೆಳು ಫಿಲ್ಮ್ ತಯಾರಿಸಿದ್ದಳು. ಅಚ್ಚುಕಟ್ಟಾದ ಕೆಲಸ. ಬಫರ್ ದ್ರಾವಣದಲ್ಲಿ ಫಿಲ್ಮ್ ಮುಳುಗಿಸಿ, ಹೊತ್ತುಹೊತ್ತಿಗೆ ಸ್ಯಾಂಪಲ್ ತೆಗೆದು, ಔಷಧ ಶೇಕಡಾ ಎಷ್ಟೆಷ್ಟು ಬಿಡುಗಡೆಯಾಯಿತು ಎಂದು ಗ್ರಾಫ್ ಬರೆದಿದ್ದಳು. "ಇದು ವಸಡಿನೊಳಗೆ ಎಷ್ಟು ಆಳಕ್ಕೆ ಇಳಿಯುತ್ತಮ್ಮ?" ಎಂದು ಕೇಳಿದಾಗ ಆಕೆ ತಡವರಿಸದೆ ಹೇಳಿದಳು: "ಅದನ್ನ ನೋಡಿಲ್ಲ ಮೇಡಂ, ಪ್ರೋಟೋಕಾಲ್‌ನಲ್ಲಿ ಇರ್ಲಿಲ್ಲ." ಅಕ್ಕಪಕ್ಕದ ಪೋಸ್ಟರುಗಳಲ್ಲೂ ಅದೇ ಬಗೆಯ ಗ್ರಾಫ್‌ಗಳಿದ್ದವು: ಮೊದಲು ಏರಿ, ಆಮೇಲೆ ಮಟ್ಟಸವಾಗುವ ಗೆರೆ. ಔಷಧ ಅಂಗಾಂಶದೊಳಗೆ ಹರಡಿದ ಚಿತ್ರ ಯಾವುದರಲ್ಲೂ ಇರಲಿಲ್ಲ. ಆ ಹುಡುಗಿಯ ಪ್ರಾಮಾಣಿಕ ಉತ್ತರವೇ ಈ ಪತ್ರಕ್ಕೆ ಕಾರಣ.

ಇಂಪ್ಲಾಂಟ್‌ನಿಂದ ಔಷಧ ಕೊಡುವ ವಿದ್ಯೆ ಹಳೆಯದು. ಅಮೆರಿಕದ ನೌಕಾಪಡೆಯ ವೈದ್ಯಕೀಯ ಕೇಂದ್ರದಲ್ಲಿದ್ದ ಜುಡಾ ಫೋಕ್‌ಮನ್ ಮತ್ತು ಡೇವಿಡ್ ಲಾಂಗ್ 1964ರಲ್ಲಿ, ಸಿಲಿಕೋನ್ ರಬ್ಬರಿನ ಮೂಲಕ ಔಷಧವನ್ನು ನಿಧಾನವಾಗಿ ಜಿನುಗಿಸಬಹುದು ಎಂದು ತೋರಿಸಿದರು. ತೋಳಿನ ಚರ್ಮದಡಿ ಇಡುವ ಗರ್ಭನಿರೋಧಕ ಕಡ್ಡಿಗಳು ಅದೇ ದಾರಿಯಲ್ಲಿ ಬಂದವು. ಹ್ಯಾಂಬರ್ಗ್‌ನಲ್ಲಿ ಬುಕ್‌ಹೋಲ್ಟ್ಸ್ ಮತ್ತು ಎಂಗೆಲ್‌ಬ್ರೆಕ್ಟ್ 1970ರ ಹೊತ್ತಿಗೆ ಮೂಳೆಯ ಸಿಮೆಂಟಿಗೆ ಆಂಟಿಬಯೋಟಿಕ್ ಬೆರೆಸಿದರು. ಮಿದುಳಿನ ಗೆಡ್ಡೆ ತೆಗೆದ ಜಾಗದಲ್ಲಿ ಇಡುವ ಕಾರ್ಮಸ್ಟಿನ್ ಬಿಲ್ಲೆಗಳಿಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಣ್ಣಿನೊಳಗೆ ಸೂಜಿಯಿಂದ ಸೇರಿಸುವ, ಕೇವಲ 0.7 ಮಿಲಿಗ್ರಾಂ ಡೆಕ್ಸಾಮೆಥಸೋನ್ ಇರುವ ಕರಗುವ ಕಡ್ಡಿ 2009ರಲ್ಲಿ ಬಂತು. ಇನ್ನು ಔಷಧ ಲೇಪಿಸಿದ ಸ್ಟೆಂಟ್ ಯಾರಿಗೆ ಗೊತ್ತಿಲ್ಲ? ನಮ್ಮ ಜಯದೇವ ಹೃದ್ರೋಗ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಾಲಾಗಿ ಕೂತವರನ್ನು ಕೇಳಿದರೆ, ಎದೆಯೊಳಗೆ ಅಂಥದೊಂದನ್ನು ಇಟ್ಟುಕೊಂಡವರು ಬೇಕಾದಷ್ಟು ಮಂದಿ ಸಿಗುತ್ತಾರೆ.

ತೋಳಿನ ಕಡ್ಡಿಯೊಂದನ್ನು ಬಿಟ್ಟರೆ, ಇವೆಲ್ಲವುಗಳ ಹಿಂದಿನ ಆಸೆ ಒಂದೇ. ಮಾತ್ರೆ ನುಂಗಿದರೆ ಔಷಧ ಮೈಯೆಲ್ಲ ಸುತ್ತುತ್ತದೆ. ನೋವಿರುವ ಜಾಗದಲ್ಲೇ ಇಟ್ಟರೆ ಕಡಿಮೆ ಔಷಧದಲ್ಲಿ ಹೆಚ್ಚು ಕೆಲಸವಾಗುತ್ತದೆ. ಆದರೆ ಇಟ್ಟ ಜಾಗದಿಂದ ಬೇಕಾದ ಜಾಗದವರೆಗೆ ಅದು ಹೋಗುತ್ತದೆಯೇ, ಅಷ್ಟರಲ್ಲೇ ನಿಲ್ಲುತ್ತದೆಯೇ? ಬೀಕರಿನ ಬಫರ್ ಇದನ್ನು ಹೇಳಲಾರದು. ಅಂಗಾಂಶದಲ್ಲಿ ರಕ್ತನಾಳಗಳಿವೆ, ಅವು ಔಷಧವನ್ನು ಹೊತ್ತೊಯ್ಯುತ್ತವೆ. ಪ್ರೋಟೀನುಗಳಿವೆ, ಅವು ಹಿಡಿದಿಟ್ಟುಕೊಳ್ಳುತ್ತವೆ. ಕಿಣ್ವಗಳಿವೆ, ಅವು ಒಡೆದು ಹಾಕುತ್ತವೆ. ಹನಿ ನೀರಾವರಿ ಮಾಡುವ ರೈತನಿಗೆ ಈ ಮಾತು ಹೊಸದಲ್ಲ. ಡ್ರಿಪ್ಪರ್‌ನಿಂದ ಬೀಳುವ ನೀರು ಅಷ್ಟೇ ಇದ್ದರೂ ಎರೆಮಣ್ಣಿನಲ್ಲಿ ಅದು ಅಗಲಕ್ಕೆ ಹರಡುತ್ತದೆ, ಮರಳುಮಣ್ಣಿನಲ್ಲಿ ನೇರ ಕೆಳಗಿಳಿಯುತ್ತದೆ. ಬೇರಿಗೆ ನೀರು ಸಿಕ್ಕಿತೇ ಎಂದು ಅವನು ಮಣ್ಣು ಕೆದಕಿಯೇ ನೋಡುತ್ತಾನೆ.

ಕೆದಕಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಯಲ್ಲಿ ನಡೆದ ಒಂದು ಘಟನೆಯನ್ನು ನೀವು ತಿಳಿದಿರಲೇಬೇಕು.

ಜಿಡಿಎನ್‌ಎಫ್ ಎಂಬುದು ಡೋಪಮಿನ್ ನರಕೋಶಗಳನ್ನು ಪೋಷಿಸುವ ಪ್ರೋಟೀನು. ರಕ್ತದ ಮೂಲಕ ಕೊಟ್ಟರೆ ಅದು ಮಿದುಳನ್ನು ಹೊಗುವುದಿಲ್ಲ. ಹಾಗಾಗಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನರಶಸ್ತ್ರಚಿಕಿತ್ಸಕ ಸ್ಟೀವನ್ ಗಿಲ್ ಮತ್ತು ಸಂಗಡಿಗರು ಸಣ್ಣ ಕೊಳವೆಯ ಮೂಲಕ ಅದನ್ನು ಮಿದುಳಿನ ಪುಟಾಮೆನ್ ಎಂಬ ಭಾಗಕ್ಕೇ ಹರಿಸಿದರು. ಐವರು ರೋಗಿಗಳಲ್ಲಿ ಕಂಡ ಸುಧಾರಣೆ 2003ರಲ್ಲಿ ಪ್ರಕಟವಾದಾಗ ಜಗತ್ತಿನ ರೋಗಿಗಳಲ್ಲಿ ಆಸೆ ಚಿಗುರಿತು. ಆದರೆ ಆಮ್ಜೆನ್ ಕಂಪನಿ 34 ರೋಗಿಗಳಲ್ಲಿ ನಡೆಸಿದ ದೊಡ್ಡ ಪ್ರಯೋಗದಲ್ಲಿ ಆರು ತಿಂಗಳಾದ ಮೇಲೂ, ಔಷಧ ಪಡೆದವರಿಗೂ ಬರೀ ದ್ರವ ಪಡೆದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಕಂಪನಿ ಚಿಕಿತ್ಸೆಯನ್ನು ನಿಲ್ಲಿಸಿತು.

ಪ್ರೋಟೀನಿಗೆ ಶಕ್ತಿ ಇರಲಿಲ್ಲವೇ? ಅಥವಾ ಅದು ತಲುಪಲೇ ಇಲ್ಲವೇ? ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರು ಕೋತಿಗಳ ಮಿದುಳಿನಲ್ಲಿ ಅದೇ ರೀತಿ ಔಷಧ ಹರಿಸಿ, ಅದು ಎಲ್ಲಿಯವರೆಗೆ ಹರಡಿದೆ ಎಂದು ಅಳೆದು ನೋಡಿದರು. ಬಹುಪಾಲು ಪ್ರೋಟೀನು ಕೊಳವೆಯ ತುದಿಯ ಸುತ್ತಲೇ ಗುಡ್ಡೆಯಾಗಿ ನಿಂತಿತ್ತು. ಆ ಪ್ರಯೋಗದಲ್ಲಿ ಔಷಧ ತಲುಪಿರಬಹುದಾದದ್ದು ಪುಟಾಮೆನ್‌ನ ಶೇಕಡಾ 2ರಿಂದ 9ರಷ್ಟು ಭಾಗವನ್ನು ಮಾತ್ರ ಎಂದು ಅವರು 2006ರಲ್ಲಿ ಲೆಕ್ಕ ಕೊಟ್ಟರು. ಹತ್ತರಲ್ಲೊಂದು ಪಾಲಿಗೂ ತಲುಪದ ಔಷಧದ ಸೋಲನ್ನು ಔಷಧದ ಸೋಲು ಎನ್ನುವುದು ಹೇಗೆ? ಆ 34 ಮಂದಿ ತಲೆಬುರುಡೆಗೆ ರಂಧ್ರ ಮಾಡಿಸಿಕೊಂಡಿದ್ದರು. ಅವರ ತ್ಯಾಗದಿಂದ ಹೌದು ಅಥವಾ ಅಲ್ಲ ಎಂಬ ನಿಖರ ಉತ್ತರ ವಿಜ್ಞಾನಕ್ಕೆ ಸಿಗಬೇಕಿತ್ತು. ಅದು ಸಿಗಲಿಲ್ಲ.

ಬ್ರಿಸ್ಟಲ್ ತಂಡ ಪಾಠ ಕಲಿತು ಮತ್ತೆ ಬಂತು. ಈ ಸಲ ಕಿವಿಯ ಹಿಂದೆ ಒಂದು ಪೋರ್ಟ್, ಮಿದುಳಿನೊಳಗೆ ನಾಲ್ಕು ಕೊಳವೆಗಳು, ನಾಲ್ಕು ವಾರಕ್ಕೊಮ್ಮೆ ಔಷಧ. ಮುಖ್ಯ ಮಾತೆಂದರೆ, ಎಂಆರ್‌ಐನಲ್ಲಿ ಹೊಳೆಯುವ ಗ್ಯಾಡೊಲಿನಿಯಂ ದ್ರವವನ್ನು ಮೊದಲು ಹರಿಸಿ, ಅದು ಪುಟಾಮೆನ್ ಅನ್ನು ಎಷ್ಟು ತುಂಬುತ್ತದೆ ಎಂದು ನೋಡಿಕೊಂಡರು. 41 ರೋಗಿಗಳ ಈ ಪ್ರಯೋಗದ ವರದಿ 2019ರಲ್ಲಿ ಬಂತು. ಪಿಇಟಿ ಸ್ಕ್ಯಾನ್‌ನಲ್ಲಿ ಡೋಪಮಿನ್ ಚಟುವಟಿಕೆ ಹೆಚ್ಚಿದ್ದು ಕಂಡಿತು. ಆದರೆ ರೋಗಿಗಳ ಚಲನೆಯಲ್ಲಿ, ಮೊದಲೇ ನಿಗದಿ ಮಾಡಿದ್ದ ಗುರಿಯನ್ನು ಚಿಕಿತ್ಸೆ ಮುಟ್ಟಲಿಲ್ಲ. ಅದು ನಿರಾಸೆಯ ಫಲಿತಾಂಶವೇ ಸರಿ. ಹಾಗಿದ್ದರೂ "ಔಷಧ ತಲುಪಿಯೇ ಇರಲಿಲ್ಲವೇನೋ" ಎಂಬ ಹಳೆಯ ಗೊಂದಲಕ್ಕೆ ಅಲ್ಲಿ ಎಡೆ ಇರಲಿಲ್ಲ. ತಲುಪಿದ್ದನ್ನು ನೋಡಿಯೇ ಅವರು ಮಾತನಾಡಿದರು.

ಇದೇ ಪ್ರಶ್ನೆ ಸ್ಟೆಂಟ್‌ನಲ್ಲೂ ಎದ್ದಿತು. ಅದರ ಕಥೆಯಲ್ಲಿ ಒಂದು ಕಾಲಕ್ಕೆ ನಿಮ್ಮಂತೆಯೇ ವಿದ್ಯಾರ್ಥಿಯಾಗಿದ್ದ ಒಬ್ಬರಿದ್ದಾರೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಓದಿದ ಸುರೇಂದ್ರನಾಥ ಸೆಹಗಲ್, ಕೆನಡಾದ ಮಾಂಟ್ರಿಯಲ್‌ನಲ್ಲಿ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವಾಗ, ಈಸ್ಟರ್ ದ್ವೀಪದಿಂದ 1964ರ ತಂಡವೊಂದು ತಂದಿದ್ದ ಮಣ್ಣಿನ ಸೂಕ್ಷ್ಮಜೀವಿಯಿಂದ ರಾಪಮೈಸಿನ್ ಅನ್ನು ಬೇರ್ಪಡಿಸಿದರು. ಕಂಪನಿ 1983ರಲ್ಲಿ ಆ ಪ್ರಯೋಗಾಲಯ ಮುಚ್ಚಿದಾಗ ಆ ಜೀವಿಯನ್ನು ಮನೆಯ ಫ್ರೀಜರ್‌ನಲ್ಲಿಟ್ಟು ಕಾಪಾಡಿದರು. ಅದೇ ಔಷಧ ಸಿರೊಲಿಮಸ್ ಎಂಬ ಹೆಸರಿನಲ್ಲಿ ಸ್ಟೆಂಟ್ ಏರಿತು. 1999ರ ಕೊನೆಯಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಮೊದಲ ಸಲ ರೋಗಿಗಳಿಗೆ ಹಾಕಲಾಯಿತು. 2003ರ ಏಪ್ರಿಲ್‌ನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಸೆಹಗಲ್ ತೀರಿಕೊಂಡಿದ್ದರು.

ಸ್ಟೆಂಟ್‌ನ ತಂತಿಗೆ ಔಷಧ ಲೇಪಿಸಿದರೆ ರಕ್ತನಾಳದ ಗೋಡೆಗೆಲ್ಲ ಸಮನಾಗಿ ಸಿಗುತ್ತದೆ ಎಂದುಕೊಳ್ಳುವುದು ಸಹಜ. ಎಂಐಟಿಯ ಎಲಾಜರ್ ಎಡೆಲ್‌ಮನ್ ಅವರ ಪ್ರಯೋಗಾಲಯ ಆ ನಂಬಿಕೆಯನ್ನು ಹಂತಹಂತವಾಗಿ ಪರೀಕ್ಷೆಗೆ ಒಡ್ಡಿತು. ಗೋಡೆಯಲ್ಲಿ ಸರಾಸರಿ ಎಷ್ಟು ಔಷಧವಿದೆ ಎಂಬುದಕ್ಕೂ ಒಂದೊಂದು ಬಿಂದುವಿನಲ್ಲಿ ಎಷ್ಟಿದೆ ಎಂಬುದಕ್ಕೂ ಭಾರಿ ಅಂತರವಿರುತ್ತದೆ, ತಂತಿಗಳ ಜೋಡಣೆ ತುಸು ಏರುಪೇರಾದರೂ ಹಂಚಿಕೆ ಬದಲಾಗುತ್ತದೆ ಎಂದು 2001ರಲ್ಲಿ ತೋರಿಸಿದರು. 2004ರ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಂತು. ರಾಪಮೈಸಿನ್, ಪ್ಯಾಕ್ಲಿಟ್ಯಾಕ್ಸೆಲ್ ಎರಡೂ ನೀರಿಗೆ ಒಲ್ಲದ, ಕೊಬ್ಬಿಗೆ ಒಲಿಯುವ ಅಣುಗಳು. ನಾಳದ ಗೋಡೆ ಹೀರಿಕೊಂಡ ಒಟ್ಟು ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಗೋಡೆಯೊಳಗೆ ರಾಪಮೈಸಿನ್ ಸಮನಾಗಿ ಹರಡಿತು, ಪ್ಯಾಕ್ಲಿಟ್ಯಾಕ್ಸೆಲ್ ಒಳಮೈಯ ಬಳಿಯೇ ಹೆಚ್ಚಾಗಿ ತಂಗಿತು. ಜೀವಕೋಶದೊಳಗೆ ಅವು ಹಿಡಿದುಕೊಳ್ಳುವ ಪ್ರೋಟೀನುಗಳು ಬೇರೆಬೇರೆ ಎಂಬುದೇ ಕಾರಣ. ಮರುವರ್ಷ ಇದೇ ತಂಡ ರಕ್ತದ ಹರಿವಿನ ಪಾತ್ರವನ್ನೂ ತೋರಿಸಿತು: ತಂತಿಯ ಹಿಂಬದಿಯಲ್ಲಿ ರಕ್ತ ಸುಳಿದು ನಿಧಾನವಾಗುವ ಕಡೆ ಔಷಧ ಹೆಚ್ಚು ಶೇಖರವಾಗುತ್ತದೆ.

ತಲುಪದಿರುವುದು ಒಂದು ಅಪಾಯವಾದರೆ, ಬೇಡದ ಕಡೆ ತಲುಪುವುದು ಇನ್ನೊಂದು. ಮೂಳೆ ಬೆಳೆಸುವ ಬಿಎಂಪಿ-2 ಎಂಬ ಪ್ರೋಟೀನನ್ನು ಕೊಲಾಜೆನ್ ಸ್ಪಂಜಿನಲ್ಲಿ ನೆನೆಸಿ ಬೆನ್ನುಮೂಳೆಯ ಕೆಳಭಾಗದಲ್ಲಿ ಇಡಲು ಅಮೆರಿಕದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಕೆಲ ಶಸ್ತ್ರಚಿಕಿತ್ಸಕರು ಅದನ್ನು ಕುತ್ತಿಗೆಯ ಮೂಳೆಗೂ ಬಳಸತೊಡಗಿದರು. ಅಲ್ಲಿ ಅನ್ನನಾಳ, ಶ್ವಾಸನಾಳ ಎರಡೂ ಪಕ್ಕದಲ್ಲೇ ಇವೆ. ಸುತ್ತಲಿನ ಮೃದು ಅಂಗಾಂಶ ಊದಿಕೊಂಡು ಉಸಿರುಗಟ್ಟಿದ, ನುಂಗಲಾಗದ ಪ್ರಕರಣಗಳು ಬಂದವು. ನಾಲ್ಕು ವರ್ಷಗಳಲ್ಲಿ ಇಂಥ ಕನಿಷ್ಠ 38 ವರದಿಗಳು ಬಂದಿವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರ ಜುಲೈ 1ರಂದು ಎಚ್ಚರಿಕೆ ಹೊರಡಿಸಿತು. ಹೆಚ್ಚಿನ ತೊಂದರೆಗಳು ಶಸ್ತ್ರಚಿಕಿತ್ಸೆಯಾದ 2ರಿಂದ 14 ದಿನಗಳ ನಡುವೆ, ಅಂದರೆ ಅನೇಕರು ಮನೆ ಸೇರಿದ ಮೇಲೆ, ಕಾಣಿಸಿಕೊಂಡಿದ್ದವು.

ಹಾಗಾದರೆ ನೋಡುವುದು ಹೇಗೆ? ದಾರಿಗಳು ಹಲವು. ಯಾವುದೂ ಪರಿಪೂರ್ಣವಲ್ಲ.

ಔಷಧದ ಅಣುವಿನಲ್ಲೇ ಗುರುತು ಇದ್ದರೆ ಅದೇ ಅದೃಷ್ಟ. ಕಾರ್ಬೊಪ್ಲಾಟಿನ್‌ನಲ್ಲಿ ಪ್ಲಾಟಿನಂ ಇದೆ; ಆ ಭಾರಲೋಹ ಎಕ್ಸ್‌ರೇ ಕಿರಣವನ್ನು ತಡೆಯುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಅಗಾಟಾ ಎಕ್ಸ್‌ನರ್, ಜಿನ್‌ಮಿಂಗ್ ಗಾವ್ ಮತ್ತು ಸಂಗಡಿಗರು ಆ ಗುಣವನ್ನೇ ಬಳಸಿಕೊಂಡು, ಮೊಲದ ಯಕೃತ್ತಿನಲ್ಲಿಟ್ಟ ಸಣ್ಣ ಪಾಲಿಮರ್ ಕಡ್ಡಿಯಿಂದ ಔಷಧ ಹೊರಬಂದು ಹರಡುವುದನ್ನು ಸಾಮಾನ್ಯ ಸಿಟಿ ಸ್ಕ್ಯಾನ್‌ನಲ್ಲೇ ನೋಡಿದರು. 2002, 2003ರ ಮಾತು ಅದು. ಡಾಕ್ಸೊರುಬಿಸಿನ್ ತನ್ನಷ್ಟಕ್ಕೆ ತಾನೇ ಕೆಂಪಾಗಿ ಹೊಳೆಯುವುದರಿಂದ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ಅದರ ಜಾಡು ಸಿಗುತ್ತದೆ.

ಗುರುತಿಲ್ಲದ ಅಣುವಿಗೆ ವಿಕಿರಣಶೀಲ ಪರಮಾಣು ಜೋಡಿಸಿ ಪಿಇಟಿಯಲ್ಲಿ ನೋಡಬಹುದು. ಆದರೆ ಕಾರ್ಬನ್-11ರ ಅರ್ಧಾಯುಷ್ಯ 20 ನಿಮಿಷ, ಫ್ಲೋರಿನ್-18ರದ್ದು 110 ನಿಮಿಷ. ವಾರಗಟ್ಟಲೆ ಜಿನುಗುವ ಇಂಪ್ಲಾಂಟ್‌ಗೆ ಅಷ್ಟು ಸಾಲದು. ಸುಮಾರು 78 ಗಂಟೆಯ ಜಿರ್ಕೋನಿಯಂ-89ರಂಥದ್ದು ಬೇಕಾಗುತ್ತದೆ. ಅದನ್ನು ಜೋಡಿಸಿದರೆ ಸಣ್ಣ ಅಣುವಿನ ಸ್ವಭಾವವೇ ಬದಲಾಗಿಬಿಡಬಹುದು. ಔಷಧ ಒಡೆದುಹೋಗಿ ಗುರುತು ಮಾತ್ರ ಅಲೆಯುತ್ತಿದ್ದರೂ ಸ್ಕ್ಯಾನರ್‌ಗೆ ಭೇದ ತಿಳಿಯುವುದಿಲ್ಲ. ಗುರುತೇ ಬೇಡದ ವಿಧಾನ ಮಾಸ್ ಸ್ಪೆಕ್ಟ್ರೋಮೆಟ್ರಿ ಇಮೇಜಿಂಗ್. ಅಂಗಾಂಶದ ತೆಳು ಸೀಳಿನ ಮೇಲೆ ಬಿಂದುವಿನಿಂದ ಬಿಂದುವಿಗೆ ಲೇಸರ್ ಹಾಯಿಸಿ, ಅಲ್ಲಿಂದ ಎದ್ದ ಅಣುಗಳನ್ನು ತೂಗಿ ನಕ್ಷೆ ಬರೆಯುವ ಈ ಕ್ರಮವನ್ನು ರಿಚರ್ಡ್ ಕ್ಯಾಪ್ರಿಯೋಲಿ 1997ರಲ್ಲಿ ಮುಂದಿಟ್ಟರು. ಔಷಧವನ್ನೂ ಅದು ಒಡೆದು ಆದ ಚೂರನ್ನೂ ಇದು ಬೇರೆಬೇರೆಯಾಗಿ ತೋರಿಸುತ್ತದೆ. ಆದರೆ ಅಂಗಾಂಶವನ್ನು ಕತ್ತರಿಸಿ ತೆಗೆಯಲೇಬೇಕು.

"ಇವೆಲ್ಲ ಅಮೆರಿಕದ ಲ್ಯಾಬ್‌ಗಳಿಗೆ. ನಮ್ಮ ಕಾಲೇಜಿನಲ್ಲಿ ಯುವಿ ಸ್ಪೆಕ್ಟ್ರೋಫೋಟೋಮೀಟರ್ ಸಿಗುವುದೇ ಸರದಿಯ ಮೇಲೆ" ಎಂದು ನೀವು ಹೇಳುವುದು ಕೇಳಿಸುತ್ತಿದೆ. ಆ ಮಾತು ಸುಳ್ಳಲ್ಲ. ಆದರೂ ಕೇಳಿ. ಎಕ್ಸ್‌ನರ್ ಅವರ ತಂಡ ಮುಂದೆ ಬಳಸಿದ್ದು ಊರೂರಿನ ಸ್ಕ್ಯಾನಿಂಗ್ ಸೆಂಟರ್‌ನಲ್ಲೂ ಇರುವ ಅಲ್ಟ್ರಾಸೌಂಡ್ ತಂತ್ರವನ್ನು. ದ್ರವವಾಗಿ ಚುಚ್ಚಿ ಒಳಗೆ ಗಟ್ಟಿಯಾಗುವ ಪಾಲಿಮರ್ ಇಂಪ್ಲಾಂಟ್ ಹೇಗೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಅವರು ಅದರಲ್ಲೇ ಹಿಂಬಾಲಿಸಿದರು. ಔಷಧದ ಬದಲಿಗೆ ಬಳಸಿದ್ದು ಫ್ಲೋರೆಸಿನ್, ಕಣ್ಣಿನ ಡಾಕ್ಟರರ ಬಳಿ ಇರುವ ಬಣ್ಣ. ಒಂದೇ ಇಂಪ್ಲಾಂಟ್ ಚರ್ಮದಡಿಯಲ್ಲಿ ಒಂದು ರೀತಿ, ಗೆಡ್ಡೆಯೊಳಗೆ ಇನ್ನೊಂದು ರೀತಿ ಬಣ್ಣ ಬಿಟ್ಟುಕೊಟ್ಟಿತು ಎಂದು 2010ರಲ್ಲಿ ವರದಿ ಮಾಡಿದರು. ಬೀಕರಿನ ಗ್ರಾಫ್ ಒಂದನ್ನೇ ನಂಬಿದ್ದರೆ ಈ ವ್ಯತ್ಯಾಸ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ಕೆಲವು ಕೋರಿಕೆಗಳು.

ಮೊದಲನೆಯದು: ಬಿಡುಗಡೆಯ ಗ್ರಾಫ್ ಪಕ್ಕದಲ್ಲಿ ಹರಡಿದ ಒಂದು ಚಿತ್ರವಿಲ್ಲದೆ ಇಂಪ್ಲಾಂಟ್‌ನ ಪ್ರಾಜೆಕ್ಟ್ ಮುಗಿಸಬೇಡಿ. ಶೇಕಡಾ 0.6ರ ಅಗರೋಸ್ ಜೆಲ್ ಅನ್ನು ಮಿದುಳಿನ ಅಂಗಾಂಶದ ಬದಲಿಯಾಗಿ ಸಂಶೋಧಕರು ಬಹಳ ಕಾಲದಿಂದ ಬಳಸುತ್ತಿದ್ದಾರೆ. ನಿಮ್ಮ ಲ್ಯಾಬ್‌ನಲ್ಲೂ ಅದನ್ನು ಹೊಯ್ಯಬಹುದು. ಮಟನ್ ಅಂಗಡಿಯಿಂದ ತಂದ ತಾಜಾ ಮೇಕೆ ಲಿವರ್‌ನಲ್ಲಿ ಫ್ಲೋರೆಸಿನ್ ಬೆರೆಸಿದ ನಿಮ್ಮ ಫಿಲ್ಮನ್ನೋ ಕಡ್ಡಿಯನ್ನೋ ಇಟ್ಟು, ಗಂಟೆಗಂಟೆಗೆ ಒಂದೊಂದು ತುಂಡನ್ನು ಸೀಳಿ, ಕತ್ತಲೆ ಪೆಟ್ಟಿಗೆಯಲ್ಲಿ ನೀಲಿ ಬೆಳಕು ಹಾಯಿಸಿ ಮೊಬೈಲ್‌ನಲ್ಲಿ ಫೋಟೊ ತೆಗೆಯಬಹುದು. ಪಕ್ಕದಲ್ಲಿ ಸ್ಕೇಲ್ ಇಡುವುದನ್ನು ಮರೆಯಬೇಡಿ. ಸತ್ತ ಅಂಗಾಂಶದಲ್ಲಿ ರಕ್ತ ಹರಿಯುವುದಿಲ್ಲ, ಬಣ್ಣವೂ ಔಷಧವೂ ಒಂದೇ ಅಲ್ಲ. ಈ ಮಿತಿಗಳನ್ನು ಥೀಸಿಸ್‌ನಲ್ಲಿ ಬಿಡಿಸಿ ಬರೆಯಿರಿ. ಪರೀಕ್ಷಕರು ಅದಕ್ಕೆ ಅಂಕ ಕಳೆಯುವುದಿಲ್ಲ, ಕಳೆದರೂ ಬರೆಯಿರಿ.

ಎರಡನೆಯದು: ಪಕ್ಕದ ಕಟ್ಟಡಕ್ಕೆ ಹೋಗಿ. ಫಾರ್ಮಸಿ ಕಾಲೇಜಿನ ಆವರಣದಲ್ಲೇ ವೈದ್ಯಕೀಯ ಕಾಲೇಜು ಇರುವ ಊರುಗಳು ನಮ್ಮ ರಾಜ್ಯದಲ್ಲಿ ಹಲವಿವೆ. ರೇಡಿಯಾಲಜಿ ವಿಭಾಗದಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ಅಲ್ಟ್ರಾಸೌಂಡ್ ಯಂತ್ರ ಬಿಡುವಾಗಿರಬಹುದು. ನಿಮ್ಮ ಗೈಡ್ ಮೂಲಕ ವಿನಯದಿಂದ ಒಂದು ಪತ್ರ ಕೊಟ್ಟು ಕೇಳಿ. ಎಂಜಿನಿಯರಿಂಗ್ ಓದುವವರು ಚಿತ್ರದಿಂದ ಅಂಕಿ ತೆಗೆಯುವ ಪ್ರೋಗ್ರಾಂ ಬರೆದುಕೊಡಿ. ಎಷ್ಟು ಮಿಲಿಮೀಟರ್ ದೂರಕ್ಕೆ ಎಷ್ಟು ಪ್ರಮಾಣ ತಲುಪಿತು ಎಂಬ ಲೆಕ್ಕ ನಿಮ್ಮ ಕೈಯಲ್ಲಿದೆ.

ಮೂರನೆಯದು ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಹಂತ ತಲುಪಿದವರಿಗೆ. ಪ್ರತಿಯೊಂದು ಹೊತ್ತಿನ ಅಳತೆಗೂ ಒಂದೊಂದು ಗುಂಪಿನ ಪ್ರಾಣಿಗಳನ್ನು ಕೊಲ್ಲುವುದು ಹಳೆಯ ಕ್ರಮ. ಸ್ಕ್ಯಾನ್ ಮಾಡಿದರೆ ಅದೇ ಪ್ರಾಣಿಯನ್ನು ಮತ್ತೆ ಮತ್ತೆ ನೋಡಬಹುದು. ನೈತಿಕ ಸಮಿತಿಯ ಮುಂದೆ ಅರ್ಜಿ ಇಡುವಾಗ ಈ ದಾರಿಯನ್ನು ಮೊದಲು ಯೋಚಿಸಿ. ಎಷ್ಟೋ ಜೀವ ಉಳಿಯುತ್ತದೆ.

ನಾಲ್ಕನೆಯದು ನಾಳೆ ವೈದ್ಯರಾಗುವವರಿಗೆ. ಸ್ಟೆಂಟ್ ಹಾಕಿಸಿಕೊಂಡವರಿಗೆ, ತೋಳಿನಲ್ಲಿ ಕಡ್ಡಿ ಇಡಿಸಿಕೊಂಡ ಹೆಣ್ಣುಮಕ್ಕಳಿಗೆ, ಅದರಲ್ಲಿರುವ ಔಷಧದ ಹೆಸರೇನು, ಎಷ್ಟು ಕಾಲ ಸೂಸುತ್ತದೆ, ಎಲ್ಲಿಯವರೆಗೆ ಹೋಗುತ್ತದೆ ಎಂದು ಅವರ ಭಾಷೆಯಲ್ಲಿ ಹೇಳಿ, ಇಂಪ್ಲಾಂಟ್ ಕಾರ್ಡ್ ಕೈಗೆ ಕೊಡಿ. ತೋಳಿನ ಗರ್ಭನಿರೋಧಕ ಕಡ್ಡಿಯ ಹಳೆಯ ಮಾದರಿ ಎಕ್ಸ್‌ರೇಯಲ್ಲಿ ಕಾಣುತ್ತಿರಲಿಲ್ಲ. ಜಾಗ ಬದಲಿಸಿದರೆ ಹುಡುಕುವುದೇ ಕಷ್ಟವಾಗುತ್ತಿತ್ತು. ತಯಾರಕರು ಆಮೇಲೆ ಅದಕ್ಕೆ 15 ಮಿಲಿಗ್ರಾಂ ಬೇರಿಯಂ ಸಲ್ಫೇಟ್ ಸೇರಿಸಿ ಕಾಣುವಂತೆ ಮಾಡಿದರು. ಈ ಬಗೆಯ ಕಡ್ಡಿ ಈಗ ನಮ್ಮ ದೇಶದ ಕುಟುಂಬ ಯೋಜನೆ ಕಾರ್ಯಕ್ರಮಕ್ಕೂ ಬಂದಿದೆ. ಇಂಪ್ಲಾಂಟ್‌ನಿಂದ ಯಾರಿಗಾದರೂ ತೊಂದರೆಯಾದರೆ "ಹೀಗೂ ಆಗುತ್ತೆ ಬಿಡಿ" ಎಂದು ಬಿಡಬೇಡಿ. 2015ರಲ್ಲಿ ಶುರುವಾದ ಭಾರತೀಯ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮ ಇರುವುದು ಇಂಥ ವರದಿಗಳಿಗಾಗಿಯೇ. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಫಾರ್ಮಸಿ ಓದಿದವರೂ ಅಲ್ಲಿಗೆ ವರದಿ ಕಳಿಸಬಹುದು.

ಪ್ರೀತಿಯ ವಿದ್ಯಾರ್ಥಿಗಳೇ, ಸಾಧನ ತಯಾರಿಸುವ ಜಾಣ್ಮೆ ನಿಮ್ಮಲ್ಲಿದೆ ಎಂಬುದರಲ್ಲಿ ಅನುಮಾನವಿಲ್ಲ. ಮುಂದಿನ ವೈವಾದಲ್ಲಿ ಯಾರಾದರೂ "ಇದು ಎಷ್ಟು ಆಳಕ್ಕೆ ಇಳಿಯುತ್ತೆ?" ಎಂದು ಕೇಳಿದರೆ, ಮಿಲಿಮೀಟರ್‌ಗಳಲ್ಲಿ ಉತ್ತರ ಕೊಡಿ, ಚಿತ್ರವನ್ನು ಮುಂದಿಡಿ. ಯಾರೂ ಕೇಳದಿದ್ದರೆ ನೀವಾಗಿಯೇ ತೋರಿಸಿ. ಈ ವರ್ಷದ ಪ್ರಾಜೆಕ್ಟ್‌ನಿಂದಲೇ ಅದು ಶುರುವಾಗಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಆರೋಗ್ಯ ವಿಜ್ಞಾನದ ಒಬ್ಬ ಲೇಖಕಿ
ಮೈಸೂರು